ನೀರುಮನೆಯ ಯಂತ್ರದ ಚಿತ್ರ

ನಮ್ಮೂರಿನಲ್ಲಿ ಬೇಸಿಗೆಯ ಮಧ್ಯಾಹ್ನ ಅಂಗಾತ ಮಲಗಿದ ಮಕ್ಕಳಿಗೆ ಬೈಗುಳ ತಪ್ಪಿದ್ದಲ್ಲ. "ಮಗ್ಗುಲಾಗ್ರೋ, ಫ್ಯಾನು ನಿಂತೋಯ್ತು" ಎಂದು ತಾಯಿ ಒಳಗಿನಿಂದ ಕೂಗುತ್ತಾಳೆ, ಮಕ್ಕಳು ಮಗ್ಗುಲಾಗುತ್ತಾರೆ, ಫ್ಯಾನು ಮತ್ತೆ ತಿರುಗುತ್ತದೆ. ಇಲ್ಲಿ ಓಡುವ ಯಂತ್ರವನ್ನು ನೋಡುವಂತಿಲ್ಲ. ನೋಡಿದರೆ ನಿಲ್ಲುತ್ತದೆ, ಮುಖ ತಿರುಗಿಸಿದರೆ ಹೊರಡುತ್ತದೆ. ಹಿಟ್ಟಿನ ಗಿರಣಿಯವನು ಗಿರಣಿಗೆ ಬೆನ್ನು ಹಾಕಿ ನಿಂತು, ಸದ್ದು ಕೇಳಿಯೇ ರಾಗಿ ನುಣ್ಣಗಾಯಿತೋ ಇಲ್ಲವೋ ಹೇಳುತ್ತಾನೆ. ದರ್ಜಿ ಹೊಲಿಯುವಾಗ ಬೀದಿಯ ಕಡೆ ಮುಖ ಮಾಡಿ ಹೋಗಿಬರುವವರ ಯೋಗಕ್ಷೇಮ ವಿಚಾರಿಸುತ್ತಿರುತ್ತಾನೆ. ಅದಕ್ಕೇ ನಮ್ಮ ಅಂಗಿಗಳ ಹೊಲಿಗೆ ಸ್ವಲ್ಪ ಸೊಟ್ಟ, ದರ್ಜಿಗೆ ಊರಿನ ಸುದ್ದಿಯೆಲ್ಲ ನೆಟ್ಟಗೆ ಗೊತ್ತು. ಬಸ್ಸು ಹೊರಡುವಾಗ ನಿಲ್ದಾಣದಲ್ಲಿ ಇದ್ದಬದ್ದವರೆಲ್ಲ ಒಟ್ಟಿಗೆ ಆಕಾಶ ನೋಡುತ್ತಾರೆ. ಪೇಟೆಯ ಗೋಪುರದ ಗಡಿಯಾರ ಯಾವತ್ತೂ ಹಿಂದೆ. ಕಚೇರಿಗೆ ತಡವಾಗಿ ಬಂದವನು "ಇವತ್ತು ಬಾಳ ಜನ ಗಡಿಯಾರ ನೋಡ್ಬಿಟ್ರು ಸಾರ್" ಎಂದರೆ ಯಾವ ಮೇಲಧಿಕಾರಿಯೂ ಎದುರಾಡುವುದಿಲ್ಲ. ಹೊರಗಿನಿಂದ ಬಂದವರು ಮೊದಮೊದಲು ಹುಬ್ಬೇರಿಸುತ್ತಾರೆ. ಆಮೇಲೆ ಅವರೂ ಆಕಾಶ ನೋಡುತ್ತಾರೆ.

ಇಂಥ ಊರಿನಲ್ಲಿ ನನ್ನ ಕಸುಬು ಯಂತ್ರಗಳ ಚಿತ್ರ ಬರೆಯುವುದು, ಅದಕ್ಕೇ ಎಲ್ಲರೂ ನನ್ನನ್ನು ಮೇಷ್ಟ್ರು ಎನ್ನುತ್ತಾರೆ. ಗೋಡೆಗೆ ತೂಗುಹಾಕುವ ಚಂದದ ಚಿತ್ರವಲ್ಲ. ಯಾವ ತಿರುಪು ಯಾವ ತೂತಿಗೆ ಎಂದು ರಿಪೇರಿಯವರು ಮುಂದೆ ಹರವಿಕೊಂಡು ನೋಡುವ ಚಿತ್ರ. ಹೊಟ್ಟೆ ಸೀಳಿದ ಹಾಗೆ ಒಳಗಿನದನ್ನೆಲ್ಲ ತೋರಿಸಬೇಕು, ಅಳತೆ ಕೂದಲೆಳೆಯಷ್ಟೂ ತಪ್ಪಬಾರದು. ಬೇರೆ ಊರಿನಲ್ಲಿ ಇದು ಸುಲಭವಿರಬಹುದು, ಎದುರು ಕೂತು ನೋಡಿ ಬರೆದರಾಯಿತು. ನಮ್ಮಲ್ಲಿ ಎದುರು ಕೂತರೆ ಸಿಗುವುದು ನಿಂತ ಯಂತ್ರ, ಮತ್ತು ನಿಂತ ಯಂತ್ರ ಅರ್ಧ ಸುಳ್ಳು ಹೇಳುತ್ತದೆ. ಓಡುವಾಗ ಮೇಲೆದ್ದಿರುವ ತೂಕ ಕೆಳಗೆ ಕೂತಿರುತ್ತದೆ, ಬಿಗಿಯಾಗಿರಬೇಕಾದ ಪಟ್ಟಿ ಜೋತುಬಿದ್ದಿರುತ್ತದೆ, ಯಾವುದು ಯಾವುದನ್ನು ತಳ್ಳುತ್ತದೆ ಎಂಬುದು ತಿಳಿಯುವುದೇ ಇಲ್ಲ. ಕನ್ನಡಿಯಲ್ಲಿ ನೋಡಿದರೂ ನಿಲ್ಲುತ್ತದೆ. ಕ್ಯಾಮೆರಾ ಇಟ್ಟು ಹೊರಗೆ ಹೋಗಿ ಕೂತರೂ ನಿಲ್ಲುತ್ತದೆ. ಯಂತ್ರ ತಯಾರಿಸಿದವರ ಪುಸ್ತಕ ತರಿಸಿದರೆ ಅದರಲ್ಲಿರುವುದು ಮಾರುವುದಕ್ಕೆಂದು ಬರೆದ ಚಿತ್ರ. ಗಂಡಿನ ಕಡೆಯವರಿಗೆ ಕಳಿಸುವ ಫೋಟೋದಂತೆ ಒಳ್ಳೆಯ ಮಗ್ಗುಲು ಮಾತ್ರ ಇರುತ್ತದೆ. ಹೀಗಾಗಿ ನಾನು ದೀಪದ ಮಸಿಯನ್ನು ಎಣ್ಣೆಯಲ್ಲಿ ಕಲಸಿ ಕೀಲುಗಳಿಗೆ ಹಚ್ಚಿ, ಯಂತ್ರವನ್ನು ಸ್ವಲ್ಪ ಹೊತ್ತು ಓಡಲು ಬಿಟ್ಟು, ಮಸಿ ಎಲ್ಲೆಲ್ಲಿ ಒರೆಸಿಹೋಗಿದೆ ಎಂದು ಆಮೇಲೆ ನೋಡಿ ಚಲನೆಯನ್ನು ಊಹಿಸುತ್ತೇನೆ. ಉಳಿದದ್ದನ್ನು ಯಂತ್ರದ ಹತ್ತಿರ ಇರುವವರ ಬಾಯಿಂದ ಕೇಳಬೇಕು. ಇಬ್ಬರನ್ನು ಕೇಳಿದರೆ ಎರಡು ಯಂತ್ರದ ಚಿತ್ರ ಬರುತ್ತದೆ.

ಕಣ್ಣು ಕಾಣದವರು ಎದುರಿಗಿದ್ದರೆ ಮಾತ್ರ ಯಂತ್ರಕ್ಕೆ ಯಾವ ತಕರಾರೂ ಇಲ್ಲ. ಅದಕ್ಕೇ ನಮ್ಮೂರಿನ ದೊಡ್ಡ ಯಂತ್ರಗಳೆಲ್ಲ ಅಂಥವರ ಕೈಯಲ್ಲಿವೆ. ಕಣ್ಣಿಲ್ಲದವರಿಗೆ ಇಲ್ಲಿ ಕೆಲಸಕ್ಕೆ ಕೊರತೆಯಿಲ್ಲ, ಮರ್ಯಾದೆಗೂ ಕೊರತೆಯಿಲ್ಲ, ಮದುವೆ ಮನೆಯಲ್ಲಿ ಮೊದಲ ಪಂಕ್ತಿಯಲ್ಲೇ ಎಲೆ ಹಾಕುತ್ತಾರೆ. ನೀರುಮನೆಯ ದೇವೀರಮ್ಮ ಅಂಥವರಲ್ಲಿ ಎಲ್ಲರಿಗಿಂತ ದೊಡ್ಡವರು. ಕೆರೆ ಊರಿಗಿಂತ ತಗ್ಗಿನಲ್ಲಿದೆ. ಏರಿಯ ಕೆಳಗಿನ ನೀರುಮನೆಯ ಯಂತ್ರ ಓಡಿದರೆ ನೀರು ಗುಡ್ಡದ ಮೇಲಿನ ತೊಟ್ಟಿಗೆ ಏರುತ್ತದೆ, ಇಲ್ಲದಿದ್ದರೆ ಊರಿಗೆ ಊರೇ ಕೊಡ ಹಿಡಿದು ಇಳಿಯಬೇಕು. ಎಳೆ ವಯಸ್ಸಿನಲ್ಲೇ ಎರಡೂ ಕಣ್ಣು ಕಾಣದಾದ ದೇವೀರಮ್ಮನನ್ನು ಆಗ ಅಲ್ಲಿದ್ದ ಕುರುಡು ಮುದುಕನೊಬ್ಬ ಪಕ್ಕದಲ್ಲಿ ಕೂರಿಸಿಕೊಂಡು ಕೆಲಸ ಕಲಿಸಿದ. ಮುದುಕ ಸತ್ತ ಮೇಲೆ ಅವರೇ ಉಳಿದರು. ಈಗ ಅವರ ತಲೆ ಅರ್ಧಕ್ಕೂ ಹೆಚ್ಚು ನರೆತಿದೆ.

ಆ ವರ್ಷ ಹೊರಗಿನ ಆಸ್ಪತ್ರೆಯೊಂದರಿಂದ ಕಣ್ಣಿನ ವೈದ್ಯರು ವ್ಯಾನಿನಲ್ಲಿ ಬಂದು ಶಾಲೆಯ ಬಯಲಿನಲ್ಲಿ ಡೇರೆ ಹಾಕಿದರು. ಸುಮ್ಮನೆ ಕುತೂಹಲಕ್ಕೆ ಹೋದ ದೇವೀರಮ್ಮನ ಕಣ್ಣಿಗೆ ವೈದ್ಯರು ಟಾರ್ಚು ಬಿಟ್ಟು ನೋಡಿ, "ಇದು ಬರೀ ಪೊರೆ ಕಣಮ್ಮ. ತೆಗೆದರೆ ಕಾಣುತ್ತೆ. ಇಷ್ಟು ವರ್ಷ ಯಾಕೆ ಬಿಟ್ಟಿರಿ?" ಎಂದರು. ಅವರು ಕೇಳಿದ್ದು ದೇವೀರಮ್ಮನನ್ನು, ಆದರೆ ಜೊತೆಯಲ್ಲಿದ್ದ ನಾವೆಲ್ಲ ನೆಲ ನೋಡಿದೆವು. ತಿಂಗಳ ಕೊನೆಗೆ ವ್ಯಾನು ವಾಪಸ್ಸು ಹೋಗುವಾಗ ಅವರನ್ನೂ ಕರೆದೊಯ್ದು ಆಪರೇಷನ್ ಮಾಡಿಸುವುದೆಂದು ಮಾತಾಯಿತು. ಮತ್ತೆ ಈ ಕಡೆ ಯಾವಾಗ ಬರುತ್ತೇವೋ ಹೇಳಲಾಗದು, ಇನ್ನೂ ತಡ ಮಾಡಿದರೆ ನರವೇ ಒಣಗಿಹೋದೀತು ಎಂದೂ ವೈದ್ಯರು ಹೇಳಿದರು.

ನೀರಿನ ಸಮಿತಿಯ ಅಧ್ಯಕ್ಷರು ಬೋರಲಿಂಗಯ್ಯನವರು. ಕೆಟ್ಟವರಲ್ಲ. ಯಾರ ಮನೆಯಲ್ಲಿ ಸಾವಾದರೂ ಮೊದಲು ಬಂದು ನಿಲ್ಲುವ ಮನುಷ್ಯ. ಅವರು ಸಭೆ ಕರೆದು, "ಆಯಮ್ಮನಿಗೆ ಕಣ್ಣು ಬರ್ಲಿ, ಯಾರು ಬ್ಯಾಡ ಅಂದ್ರು? ಆದ್ರೆ ಕಣ್ಣು ಬಂದ ಮ್ಯಾಕೆ ಮಿಷನ್ನಿನ ಹತ್ರ ಕೂರಂಗಿಲ್ಲ. ಒಳಗಿಂದೆಲ್ಲ ಗೊತ್ತಿರೋದು ಅವರೊಬ್ಬರಿಗೇ. ಮೊದ್ಲು ಮಿಷನ್ನಿನ ಚಿತ್ರ ಮುಗೀಲಿ, ಆಮೇಲೆ ಹೋಗ್ಲಿ" ಎಂದರು. ಎಲ್ಲರೂ ನನ್ನ ಕಡೆ ತಿರುಗಿದರು. ನಮ್ಮಲ್ಲಿ ಚಿತ್ರ ಸರಿಯೋ ತಪ್ಪೋ ತೀರ್ಮಾನಿಸುವುದಕ್ಕೆ ಒಂದು ಕ್ರಮವಿದೆ. ಬರೆದದ್ದನ್ನು ನೋಡಿ ಮರದಲ್ಲಿ ಸಣ್ಣ ಮಾದರಿ ಮಾಡುತ್ತಾರೆ. ಎಲ್ಲರೂ ಅದಕ್ಕೆ ಬೆನ್ನು ಹಾಕಿ ನಿಲ್ಲುತ್ತಾರೆ. ಒಬ್ಬ ಹಿಂದಕ್ಕೆ ಕೈ ಚಾಚಿ ಹಿಡಿ ತಿರುಗಿಸುತ್ತಾನೆ. ಓಡಿದ ಸದ್ದು ಕೇಳಿಸಿದರೆ ಚಿತ್ರ ಸರಿ, ಇಲ್ಲದಿದ್ದರೆ ಹರಿದುಹಾಕಿ ಮತ್ತೆ ಬರೆಯಬೇಕು. ಮಾದರಿ ಮಾಡುವ ಕೆಲಸ ಲೇತಿನ ಯಾಕೂಬ್ ಸಾಹೇಬರದು.

ಹೀಗೆ ನಾನು ದಿನಾ ಬೆಳಗ್ಗೆ ನೀರುಮನೆಗೆ ಹೋಗತೊಡಗಿದೆ. ಒಳಗೆ ಹಾಡುಹಗಲೇ ಲಾಟೀನು ಬೇಕು. ಒಂದು ಕಾಲಕ್ಕೆ ಅಲ್ಲಿ ಕಿಟಕಿಯಿತ್ತಂತೆ. ಯಂತ್ರ ನಿಂತಾಗಲೆಲ್ಲ ಯಾರೋ ಇಣುಕಿದರು ಎಂದು ದೇವೀರಮ್ಮ ಕೂಗಾಡುತ್ತಿದ್ದರು, ಅವರಿಗಿಂತ ಮೊದಲು ಆ ಮುದುಕನೂ ಕೂಗಾಡುತ್ತಿದ್ದ. ಸಮಿತಿಯವರು ಮೊದಲು ಕಿಟಕಿಗೆ ಇಟ್ಟಿಗೆ ಕಟ್ಟಿಸಿದರು. ಆಮೇಲೆ ಬಾಗಿಲಿನ ಸಂದಿಗೆ ಗೋಣಿ ತುಂಬಿಸಿದರು. ಆಮೇಲೆ ಸುತ್ತ ಮುಳ್ಳುಬೇಲಿ ಹಾಕಿಸಿ, ಬಟ್ಟೆ ಒಗೆಯುವವರಿಗೆ ಕೆರೆಯ ಆಚೆ ದಡ ತೋರಿಸಿದರು. ಇಷ್ಟಾದರೂ ಯಂತ್ರ ಆಗಾಗ ನಿಲ್ಲುತ್ತಿತ್ತು, ಮೇಯಲು ಬಂದ ಆಡುಗಳ ಮೇಲೆ ಅನುಮಾನ ಹೋಗಿತ್ತು.

ದೇವೀರಮ್ಮ ಯಂತ್ರದ ಎಡಗಡೆಯ ಕಲ್ಲಿನ ಮೇಲೆ ಕೂತು ಹೇಳುವುದು, ನಾನು ಬೆನ್ನು ಹಾಕಿ ಕೂತು ಬರೆದುಕೊಳ್ಳುವುದು, ಆಮೇಲೆ ಯಂತ್ರ ನಿಲ್ಲಿಸಿ ಅಳತೆ ಹಿಡಿಯುವುದು. ಅವರ ಅಳತೆಗಳು ನನ್ನ ಸ್ಕೇಲಿಗೆ ಬಗ್ಗುವಂಥವಲ್ಲ. ಚಕ್ರಕ್ಕೂ ದಂಡಕ್ಕೂ ನಡುವೆ ಓಡುವಾಗ ಎಷ್ಟು ಜಾಗ ಬಿಡುತ್ತದೆ ಎಂದು ಕೇಳಿದರೆ "ಒಂದು ಬೆಳ್ಳುಳ್ಳಿ ಎಸಳು ಸಿಕ್ಕೊಳ್ಳೋವಷ್ಟು" ಎಂದರು. ನಾಟಿ ಬೆಳ್ಳುಳ್ಳಿಯೋ ಸಂತೆಯದೋ ಎಂದೆ. "ಅಯ್ಯೋ, ಬೆಳ್ಳುಳ್ಳಿ ಅಂದ್ರೆ ಬೆಳ್ಳುಳ್ಳಿ" ಎಂದರು. ನಾನು ಎರಡನ್ನೂ ಜೇಬಿನಲ್ಲಿ ತಂದು ಅವರ ಕೈಗೆ ಕೊಟ್ಟು ಆರಿಸಲು ಹೇಳಿದೆ. ಅವರು ಎರಡನ್ನೂ ಒತ್ತಿನೋಡಿ ನಕ್ಕು, ನಾಟಿಯದನ್ನು ನನಗೆ ಕೊಟ್ಟು ಸಂತೆಯದನ್ನು ಸಾರಿಗೆಂದು ಸೊಂಟಕ್ಕೆ ಸಿಕ್ಕಿಸಿಕೊಂಡರು. ನೀರಿನ ಬಾಗಿಲನ್ನು ತೆಗೆದು ಮುಚ್ಚುವ ಕಬ್ಬಿಣದ ಒಂದು ಸಣ್ಣ ತೋಳಿತ್ತು. ಅದರ ಬಗ್ಗೆ ಮಾತ್ರ ಅವರು ಪ್ರತಿಸಲವೂ ಒಂದೇ ಮಾತು ಹೇಳುತ್ತಿದ್ದರು: "ಅದು ಹೋಗ್ತದೆ, ಬರ್ತದೆ. ತಾನೇ ಬರ್ತದೆ. ನಾನು ಅದರ ಮ್ಯಾಲೆ ಕೈ ಇಟ್ಕೊಂಡೇ ಇರ್ತೀನಲ್ಲ, ಅದೇ ಮಿಷನ್ನಿನ ನಾಡಿ. ನಮ್ಮಜ್ಜ ಹಂಗೇ ಕಲಿಸಿದ್ದು." ಆ ಮುದುಕನನ್ನು ಅವರು ಅಜ್ಜ ಎನ್ನುತ್ತಿದ್ದರು.

ಕಣ್ಣು ಬಂದರೆ ಮೊದಲು ಏನು ನೋಡುತ್ತೀರಿ ಎಂದು ಒಮ್ಮೆ ಕೇಳಿದೆ. ಕೆರೆ, ಮಕ್ಕಳು, ಸೂರ್ಯ, ಹೀಗೆ ಏನಾದರೂ ಹೇಳಬಹುದೆಂದು ನನ್ನ ಎಣಿಕೆ. "ನನ್ನ ಸೀರೆಗಳನ್ನ" ಎಂದರು. "ಹಬ್ಬಕ್ಕೆ ಅಂತ ಸಮಿತಿಯೋರು ಕೊಡ್ತಾರಲ್ಲ, ಪ್ರತಿಸಲನೂ ಹಸುರು ಸೀರೆ ದೇವೀರಮ್ಮ, ಗಿಳಿ ಹಸುರು ಅಂತಾರೆ. ಟ್ರಂಕು ತುಂಬಿದೆ. ಅಂಗಡೀಲಿ ಮಾರಾಟ ಆಗ್ದೆ ಬಿದ್ದಿದ್ದನ್ನೆಲ್ಲ ನಂಗೆ ಗಿಳಿ ಹಸುರು ಅಂತ ಉಡಿಸ್ಯವರೋ ಏನೋ, ಒಂದ್ಸಲ ನೋಡ್ಬೇಕು ಮೇಷ್ಟ್ರೇ." ಅವರು ಆಗ ಉಟ್ಟಿದ್ದು ಬೂದಿ ಬಣ್ಣದ್ದು. ನಾನು ಪೆನ್ಸಿಲು ಚೂಪು ಮಾಡತೊಡಗಿದೆ.

ಮೊದಲನೆಯ ಮಾದರಿ ಒಂದು ಸುತ್ತು ತಿರುಗಿ ನಿಂತಿತು. ಬೆಳ್ಳುಳ್ಳಿಯ ಲೆಕ್ಕ ತಪ್ಪಿರಬೇಕೆಂದು ನಾನು ಆ ಸಂದನ್ನು ಹಿಗ್ಗಿಸಿ ಮತ್ತೆ ಬರೆದೆ. ಎರಡನೆಯ ಮಾದರಿಯೂ ಒಂದೇ ಸುತ್ತಿಗೆ ನಿಂತಿತು. ಬೆನ್ನು ಹಾಕಿ ನಿಂತಿದ್ದ ಸಮಿತಿಯವರು ಒಬ್ಬರನ್ನೊಬ್ಬರು ನೋಡಿಕೊಂಡು, "ಯಾರಾದ್ರೂ ತಿರುಗಿ ನೋಡಿದ್ರೇನ್ರಿ?" ಎಂದು ವಿಚಾರಿಸಿದರು. ಯಾರೂ ನೋಡಿರಲಿಲ್ಲ. ಯಾಕೂಬ್ ಸಾಹೇಬರು ಮಾದರಿಯನ್ನು ಕೈಗೆತ್ತಿಕೊಂಡು ಆ ಸಣ್ಣ ತೋಳನ್ನು ಬೆರಳಿನಿಂದ ಅಲ್ಲಾಡಿಸುತ್ತ, "ಮೇಷ್ಟ್ರೇ, ನೀವು ಬರೆದಂಗೇ ಮಾಡಿದೀನಿ. ಈ ತೋಳು ಆ ಕಡೆ ಹೋಯ್ತು ಅಂದ್ರೆ ಹೋಯ್ತು. ಇದನ್ನ ವಾಪಸ್ ಕರೆಯೋರು ಯಾರು?" ಎಂದರು. "ತಾನೇ ಬರ್ತದಂತೆ" ಎಂದೆ. "ತಾನೇ ಬರೋಕೆ ಇದೇನು ಹಟ್ಟಿಗೆ ಬರೋ ಹಸುವಾ?" ಎಂದು ಅವರು ಮಾದರಿಯನ್ನು ನನ್ನ ಕೈಗಿಟ್ಟರು.

ಅಷ್ಟರಲ್ಲಿ ಶಾಲೆಯ ಬಯಲಿನಲ್ಲಿ ಡೇರೆಯ ಗೂಟ ಕೀಳುತ್ತಿದ್ದರು. ಬೋರಲಿಂಗಯ್ಯನವರು ನಿಟ್ಟುಸಿರು ಬಿಟ್ಟು, "ಪಾಪ, ಆಯಮ್ಮನ ಹಣೇಲಿ ಬರೆದಿಲ್ಲ ಅಂತ ಕಾಣ್ತದೆ. ಮುಂದಿನ ಸಲ ನೋಡೋಣ" ಎಂದರು. ಮುಂದಿನ ಸಲ ಎಂಬುದು ಇಲ್ಲವೆಂದು ಅವರಿಗೂ ಗೊತ್ತು, ನನಗೂ ಗೊತ್ತು. ನನಗೆ ಸಿಟ್ಟು ಬಂತು, ಅವರ ಮೇಲಲ್ಲ, ಆ ಕಬ್ಬಿಣದ ತುಂಡಿನ ಮೇಲೆ. ಒಬ್ಬ ಹೆಂಗಸಿನ ಕಣ್ಣು ನಾನು ಎಳೆಯುವ ಒಂದು ಗೆರೆಯ ಮೇಲೆ ನಿಂತಿತ್ತು, ಆ ಗೆರೆ ಎಲ್ಲಿ ಎಳೆಯಬೇಕೆಂದು ನನಗೆ ತಿಳಿಯುತ್ತಿರಲಿಲ್ಲ.

ಮಾರನೆಯ ಬೆಳಗ್ಗೆ ಹೋದವನೇ ಯಂತ್ರ ನಿಲ್ಲಿಸಿ ಆ ತೋಳಿನ ಬುಡವನ್ನು ಲಾಟೀನು ಹಿಡಿದು ನೋಡಿದೆ. ಅಲ್ಲೊಂದು ಪುಟ್ಟ ಕೊಕ್ಕೆಯಿತ್ತು, ಅದಕ್ಕೆ ಏನೂ ಸಿಕ್ಕಿಸಿರಲಿಲ್ಲ. ಅದನ್ನು ಮೊದಲೂ ನೋಡಿದ್ದೆ, ಅಲಂಕಾರಕ್ಕೆ ಎರಕ ಹೊಯ್ದದ್ದೆಂದು ಬಿಟ್ಟಿದ್ದೆ. ಹಳೆಯ ಯಂತ್ರಗಳಲ್ಲಿ ಬಳ್ಳಿ, ಹೂವು, ಸಿಂಹದ ಮುಖ ಎಲ್ಲ ಇರುತ್ತವೆ. ಈಗ ಅನುಮಾನ ಬಂದು ದೇವೀರಮ್ಮನಿಗೆ, "ಇವತ್ತು ನೀವು ಸ್ವಲ್ಪ ಈ ಕಡೆ ಬನ್ನಿ. ನನ್ನ ಕಣ್ಣಿಗೆ ಬಟ್ಟೆ ಕಟ್ಟಿ. ನಿಮ್ಮ ಜಾಗದಲ್ಲಿ ನಾನು ಕೂರುತ್ತೇನೆ" ಎಂದೆ. ಅವರು ಹಳೆಯ ಸೀರೆಯ ತುಂಡನ್ನು ಮಡಿಚಿ ನನ್ನ ಕಣ್ಣಿಗೆ ಬಿಗಿಯಾಗಿ ಕಟ್ಟಿದರು. ಬಾಗಿಲು ಹಾಕಿದ್ದೆವು. ಯಂತ್ರ ಹೊರಟಿತು. ಮೊದಲು ಅವರ ಕೈಯ ಮೇಲೆ ನನ್ನ ಕೈ ಇಟ್ಟುಕೊಂಡೆ. ತೋಳು ಹೋಯಿತು, ಬಂತು, ಹೋಯಿತು, ಬಂತು. ಅವರ ಅಂಗೈ ಪ್ರತಿಸಲವೂ ಒಂದಿಷ್ಟು ಬಿಗಿಯುತ್ತಿತ್ತು. ಅದು ಅವರಿಗೇ ಗೊತ್ತಿದ್ದಂತಿರಲಿಲ್ಲ. ಆಮೇಲೆ "ಕೈ ತೆಗೆಯಿರಿ" ಎಂದೆ. ಅವರು ತೆಗೆದರು. ನಾನು ಬೆರಳ ತುದಿಯನ್ನು ಮಾತ್ರ ತಾಗಿಸಿ ಕಾದೆ. ತೋಳು ಆಚೆ ಹೋಯಿತು, ಅಲ್ಲೇ ಉಳಿಯಿತು. ಯಂತ್ರ ಕೆಮ್ಮಿ ನಿಂತಿತು.

"ಯಾವನೋ ಅವನು ಇಣುಕ್ದೋನು!" ಎಂದು ದೇವೀರಮ್ಮ ಬಾಗಿಲ ಕಡೆಗೆ ಕೂಗಿದರು.

"ಯಾರೂ ಇಣುಕಿಲ್ಲ ದೇವೀರಮ್ಮ" ಎಂದೆ.

"ಹಂಗಾದ್ರೆ ನೀವೇ ಬಟ್ಟೆ ಸರಿಸಿ ನೋಡಿದ್ರಿ."

"ನನ್ನ ಮುಖ ಮುಟ್ಟಿ ನೋಡಿ."

ಅವರು ತಡವರಿಸಿ ಬಂದು ನನ್ನ ಹಣೆ, ಬಟ್ಟೆಯ ಗಂಟು, ಮೂಗಿನ ಪಕ್ಕದ ಸಂದು ಎಲ್ಲವನ್ನೂ ಮುಟ್ಟಿದರು. ಬಟ್ಟೆ ಇದ್ದಲ್ಲೇ ಇತ್ತು. ಅವರ ಅಂಗೈ ಒಂದು ಕಡೆ ಕಲ್ಲಿನಷ್ಟು ಗಟ್ಟಿಯಾಗಿತ್ತು. ನಾನು ಅವರನ್ನು ಕೂರಿಸಿ, ಆ ಕೊಕ್ಕೆಯ ಮೇಲೆ ಅವರ ಬೆರಳನ್ನು ಇಟ್ಟು, ಇಲ್ಲೊಂದು ಸ್ಪ್ರಿಂಗು ಇರಬೇಕಿತ್ತು, ಯಾವ ಕಾಲದಲ್ಲೋ ಮುರಿದು ಬಿದ್ದಿದೆ, ಅದು ಮಾಡಬೇಕಾದ ಕೆಲಸವನ್ನು ಮೊದಲು ನಿಮ್ಮ ಅಜ್ಜನ ಕೈ, ಆಮೇಲೆ ನಿಮ್ಮ ಕೈ ಮಾಡುತ್ತ ಬಂದಿದೆ, ಕೈ ಸಡಿಲಾದಾಗೆಲ್ಲ ಯಂತ್ರ ನಿಂತಿದೆ ಎಂದು ಹೇಳಿದೆ. ಬೇರೆ ಊರಿನಲ್ಲಾಗಿದ್ದರೆ ಯಂತ್ರ ನಿಂತ ದಿನವೇ ಯಾರಾದರೂ ಬಿಚ್ಚಿ ನೋಡುತ್ತಿದ್ದರು. ನಮ್ಮಲ್ಲಿ ಯಂತ್ರ ನಿಂತರೆ ಬಿಚ್ಚುವುದಿಲ್ಲ, ಯಾರು ನೋಡಿದರು ಎಂದು ಹುಡುಕುತ್ತೇವೆ.

ಅವರು, "ಆ ಅಗಸರ ಹೆಂಗಸರನ್ನ ಎಷ್ಟು ಬೈದೆ" ಎಂದರು. ಆಮೇಲೆ, "ಸ್ಪ್ರಿಂಗು ಅಂದ್ರೆ ಎಷ್ಟು ದಪ್ಪ ಇರ್ತದೆ?" ಎಂದು ಕೇಳಿದರು. ನಿಮ್ಮ ಹೆಬ್ಬೆರಳಿನಷ್ಟು ಎಂದೆ. ಅವರು ತಮ್ಮ ಹೆಬ್ಬೆರಳನ್ನು ನನ್ನ ಅಂಗೈಯಲ್ಲಿಟ್ಟರು. "ನಾನು ಮಿಷನ್ನು ಕಾಯ್ತಿದೀನಿ ಅಂದ್ಕೊಂಡಿದ್ದೆ ಮೇಷ್ಟ್ರೇ. ನಾನೂ ಅದರೊಳಗಿನ ಒಂದು ತುಂಡಾಗಿದ್ದೆ" ಎಂದರು. ಕಣ್ಣಿಗೆ ಕಟ್ಟಿದ್ದ ಬಟ್ಟೆಯನ್ನು ಬಿಚ್ಚುವ ಮನಸ್ಸಾಗದೆ ಹಾಗೇ ಕೂತಿದ್ದೆ.

ಯಾಕೂಬ್ ಸಾಹೇಬರು ಅವತ್ತೇ ತಂತಿ ಸುತ್ತಿ ಸ್ಪ್ರಿಂಗು ಮಾಡಿದರು, ಒಂದು ಯಂತ್ರಕ್ಕೆ, ಒಂದು ಮಾದರಿಗೆ. ಸಮಿತಿಯವರು ಬೆನ್ನು ಹಾಕಿ ನಿಂತರು. ಮಾದರಿ ಓಡಿತು, ಸಾಕು ನಿಲ್ಲಿಸಿ ಎಂದು ಬೋರಲಿಂಗಯ್ಯನವರೇ ತಿರುಗಿ ನೋಡಬೇಕಾಯಿತು. ಮಾತಿಗೆ ತಪ್ಪುವ ಮನುಷ್ಯರಲ್ಲ, ಹೋಗಿಬನ್ನಿ ಎಂದು ದೇವೀರಮ್ಮನಿಗೆ ಕುಂಕುಮ ಕೊಡಿಸಿದರು, ಹೊಸ ಸೀರೆಯನ್ನೂ ಕೊಟ್ಟರು. ವ್ಯಾನು ಹೊರಡುವಾಗ ಕಳಿಸಲು ಬಂದಿದ್ದ ನಾವೆಲ್ಲ ಆಕಾಶ ನೋಡಿದೆವು. ಹಾಗಾಗಿ ಹೋಗುವಾಗ ಅವರ ಮುಖ ಹೇಗಿತ್ತೆಂದು ಊರಿನಲ್ಲಿ ಯಾರಿಗೂ ಗೊತ್ತಿಲ್ಲ.

ಅವರು ಇಲ್ಲದಾಗ ನಾನು ಚಿತ್ರವನ್ನು ದೊಡ್ಡ ಹಾಳೆಯ ಮೇಲೆ ಇಂಕಿನಲ್ಲಿ ತಿದ್ದಿದೆ. ನನ್ನ ಜೀವಮಾನದಲ್ಲಿ ಅಷ್ಟು ಒಳ್ಳೆಯ ಚಿತ್ರ ಬರೆದಿಲ್ಲ, ಇದನ್ನು ಜಂಬವೆಂದು ಬೇಕಾದರೂ ಕರೆಯಿರಿ. ಎಲ್ಲ ಮುಗಿದ ಮೇಲೆ ಆ ತೋಳಿನ ಹತ್ತಿರ, ಸ್ಪ್ರಿಂಗಿನ ಪಕ್ಕ, ಚುಕ್ಕಿ ಗೆರೆಯಲ್ಲಿ ಒಂದು ಕೈ ಬರೆದೆ. ಅಷ್ಟು ವರ್ಷ ಇದ್ದದ್ದು ಅದು. ಇದ್ದದ್ದನ್ನು ಬಿಟ್ಟರೆ ಚಿತ್ರ ಅಪೂರ್ಣ ಅನ್ನಿಸಿತು, ಅವರಿಗೆ ಗೌರವ ಸಲ್ಲಿಸಿದ ಹಾಗೂ ಆಯಿತು ಅನ್ನಿಸಿತು. ಬೋರಲಿಂಗಯ್ಯನವರು ನೋಡಿ ಬಹಳ ಮೆಚ್ಚಿಕೊಂಡರು. "ಒಳ್ಳೇದಾಯ್ತು. ಆಯಮ್ಮನ ಹೆಸರೂ ಉಳೀತದೆ, ಸ್ಪ್ರಿಂಗು ಮುರಿದ್ರೂ ಜನಕ್ಕೆ ಒಂದು ದಾರಿ ಗೊತ್ತಿರ್ತದೆ" ಎಂದರು. ಚೌಕಟ್ಟು ಹಾಕಿಸಿ ನೀರುಮನೆಯಲ್ಲಿ ತೂಗುಹಾಕುವುದೆಂದು ಗೊತ್ತಾಯಿತು.

ದೇವೀರಮ್ಮ ವಾಪಸ್ಸು ಬಂದರು. ಎಡಗಣ್ಣಿಗೆ ತಡವಾಗಿತ್ತಂತೆ, ಅದರಲ್ಲಿ ಏನೂ ಉಳಿದಿರಲಿಲ್ಲ. ಬಲಗಣ್ಣು ಕಾಣುತ್ತಿತ್ತು. ದಪ್ಪ ಕನ್ನಡಕ ಹಾಕಿಕೊಂಡು ಒಬ್ಬರೇ ನಡೆದುಕೊಂಡು ನಮ್ಮ ಮನೆಗೆ ಬಂದರು. ಬಾಗಿಲಲ್ಲಿ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಧ್ವನಿ ಕೇಳಿ ಇನ್ನೂ ಎತ್ತರ ಇದೀರಿ ಅಂದ್ಕೊಂಡಿದ್ದೆ" ಎಂದರು. ಕಾಫಿ ಕುಡಿದರು. ದಾರಿಯಲ್ಲಿ ಕೆಳಗಿನ ಬೀದಿಯ ಸಾಕಮ್ಮ ಸಿಕ್ಕಿದ್ದಳೆಂದೂ, ಅವಳಿಗೂ ಕಣ್ಣು ಮಂಜಾಗುತ್ತಿದೆಯೆಂದೂ ಹೇಳಿದರು. "ಬೋರಲಿಂಗಯ್ಯನೋರು ಅವಳ ಮನೆಗೆ ಹೋಗಿ, ನೀನೇನೂ ಯೋಚ್ನೆ ಮಾಡ್ಬೇಡ, ನೀರುಮನೇಲಿ ನಿಂಗೊಂದು ಜಾಗ ಇದ್ದೇ ಇರ್ತದೆ ಅಂದವ್ರಂತೆ. ಎಷ್ಟು ಖುಷಿಯಾಗಿದ್ಲು ಗೊತ್ತಾ ಅವಳು" ಎಂದರು. ಹೇಳುವಾಗ ಅವರ ಮುಖದಲ್ಲಿ ಖುಷಿಯಿರಲಿಲ್ಲ.

ನಾನು ಚಿತ್ರವನ್ನು ತಂದು ಮೇಜಿನ ಮೇಲೆ ಹರವಿದೆ. ಓಡುವ ತಮ್ಮ ಯಂತ್ರವನ್ನು ಅವರು ಇನ್ನು ನೋಡುವಂತಿರಲಿಲ್ಲ, ನೋಡಬಹುದಾದದ್ದು ಇದೊಂದೇ. ಅವರು ಒಂದೇ ಕಣ್ಣನ್ನು ಹಾಳೆಗೆ ಹತ್ತಿರ ಹಿಡಿದು ಚಕ್ರದಿಂದ ಶುರುಮಾಡಿ ನಿಧಾನವಾಗಿ ಬಂದರು. ಹೆಸರು ಹೇಳುತ್ತ ಬಂದರು, ಒಂದೂ ತಪ್ಪಲಿಲ್ಲ. ತೋಳಿನ ಹತ್ತಿರ ಬಂದು ನಿಂತರು.

"ಇದ್ಯಾರ ಕೈ?"

"ನಿಮ್ಮದೇ" ಎಂದೆ. ಅವರು ತಮ್ಮ ಕೈಯನ್ನು ತಿರುಗಿಸಿ ನೋಡಿಕೊಂಡರು, ಮತ್ತೆ ಚಿತ್ರ ನೋಡಿದರು.

"ಚೆಂದಾಗಿದೆ. ಅಳಿಸಿ."

ನನಗೆ ನಿಜವಾಗಿ ನೋವಾಯಿತು. ಸಮಿತಿಯವರೆಲ್ಲ ಒಪ್ಪಿದ್ದಾರೆ, ನಿಮ್ಮ ಗೌರವಕ್ಕೆಂದೇ ಬರೆದದ್ದು, ಅಷ್ಟು ವರ್ಷ ಇದ್ದದ್ದು ಸುಳ್ಳೇ ಎಂದೆಲ್ಲ ಹೇಳಿದೆ.

"ಗೌರವ ಇಟ್ಕೊಳ್ಳಿ ಮೇಷ್ಟ್ರೇ. ಸ್ಪ್ರಿಂಗು ಮುರಿದ ದಿನ ಇವರು ಯಾಕೂಬ್ ಸಾಬ್ರ ಮನೆಗೆ ಹೋಗಲ್ಲ. ಚಿತ್ರ ನೋಡ್ತಾರೆ. ಕೈ ಅಂತ ಬರೆದಿದ್ರೆ ಕೈ ಹುಡುಕ್ಕೊಂಡು ಹೋಗ್ತಾರೆ. ಸಾಕಮ್ಮ ಕೂತ್ಕೋತಾಳೆ. ಅವಳ ಪೊರೆ ತೆಗೆಸೋಕೆ ಆಮೇಲೆ ಯಾರಿಗೂ ಅವಸರ ಇರಲ್ಲ."

ಇಂಕಿನಲ್ಲಿ ಬರೆದದ್ದು ರಬ್ಬರಿಗೆ ಹೋಗುವುದಿಲ್ಲ. ಬ್ಲೇಡು ತಂದು ಕಾಗದದ ಮೇಲ್ಪದರವನ್ನು ಹೆರೆಯಬೇಕು, ಸ್ವಲ್ಪ ಒತ್ತಿದರೂ ತೂತು ಬೀಳುತ್ತದೆ. ಮೊದಲು ಮಣಿಕಟ್ಟು, ಆಮೇಲೆ ಅಂಗೈ, ಆಮೇಲೆ ಒಂದೊಂದಾಗಿ ಬೆರಳು ಹೆರೆಯುತ್ತ ಬಂದೆ. ಹಾಳೆ ಜರುಗದಂತೆ ದೇವೀರಮ್ಮ ಅದರ ಅಂಚನ್ನು ಒತ್ತಿ ಹಿಡಿದಿದ್ದರು. ಕೊನೆಯ ಬೆರಳು ಹೋಗುವವರೆಗೆ ಅವರು ಹಾಳೆಯಿಂದ ಕಣ್ಣು ಕೀಳಲಿಲ್ಲ.